ಕುಕಿ ಮತ್ತು ಸೆಷನ್: ಜಾಲತಾಣದ ಸ್ಮರಣೆ

ಹಳಬರು ಬೋರಿಬಂದರವೆಂದು ಕರೆಯುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಕ್ಲೋಕ್ ರೂಮಿನಲ್ಲಿ ಪ್ರಯಾಣಿಕನು ಪೆಟ್ಟಿಗೆಯನ್ನೊಪ್ಪಿಸಿ ಚೀಟಿಯೊಂದನ್ನು ಪಡೆಯುತ್ತಾನೆ. ಸಾಮಾನು ಒಳಗೆ, ಅದರ ಗುರುತು ಮಾತ್ರ ಅವನ ಕೈಯಲ್ಲಿ. ಜಾಲತಾಣದ ಸೆಷನ್ನಿಗೂ ಕುಕಿಗೂ ಇರುವ ಸಂಬಂಧವು ಬಹುಮಟ್ಟಿಗೆ ಇದೇ ಬಗೆಯದು.

ಜಾಲತಾಣಗಳ ವ್ಯವಹಾರಕ್ಕೆ ಆಧಾರವಾದ ಎಚ್‌ಟಿಟಿಪಿ ನಿಯಮಾವಳಿಗೆ ಸ್ವತಃ ಸ್ಮರಣೆಯಿಲ್ಲ. ಒಂದು ಪುಟವನ್ನು ಕೇಳಿದವನೇ ಮರುಕ್ಷಣ ಇನ್ನೊಂದನ್ನು ಕೇಳಿದರೂ ಸರ್ವರಿನ ಪಾಲಿಗೆ ಅವನು ಹೊಸಬನೇ. ಈ ಕೊರತೆಯನ್ನು ನೀಗಲೆಂದು ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿಯವರು 1994ರಲ್ಲಿ ಕುಕಿಯನ್ನು ರೂಪಿಸಿದರು. ಸರ್ವರು ಕಳುಹಿಸಿದ ಈ ಕಿರುಬರಹವನ್ನು ಬ್ರೌಸರು ಕಾದಿರಿಸಿಕೊಂಡು, ಮುಂದಿನ ಪ್ರತಿಯೊಂದು ಕೋರಿಕೆಯೊಡನೆ ಹಿಂದಿರುಗಿಸುತ್ತದೆ.

ಜಾಲತಾಣಗಳನ್ನು ಕಟ್ಟಲು ನೆರವಾಗುವ, 2005ರಲ್ಲಿ ಹೊರಬಂದ ಜಾಂಗೋ ಎಂಬ ಫ್ರೇಮ್‌ವರ್ಕನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಸಾಮಾನ್ಯ ಏರ್ಪಾಡಿನಲ್ಲಿ ಬಳಕೆದಾರನ ಸೆಷನ್ ವಿವರಗಳು ಸರ್ವರಿನ ಡೇಟಾಬೇಸಿನಲ್ಲಿರುತ್ತವೆ. ಕುಕಿಯಲ್ಲಿರುವುದು ಊಹೆಗೆ ನಿಲುಕದ ಗುರುತೊಂದೇ. ವಿವರಗಳನ್ನೇ ಸಹಿಯೊಡನೆ ಕುಕಿಯಲ್ಲಿಡುವ ಮಾರ್ಗವೂ ಉಂಟು. ಆದರೆ ಸಹಿಯು ತಿದ್ದುವುದನ್ನು ತಡೆಯುವುದೇ ಹೊರತು ಓದುವುದನ್ನಲ್ಲ. ಅಂತಹ ಕುಕಿಯ ಪ್ರತಿಯು ಅನ್ಯರಲ್ಲಿ ಉಳಿದರೆ, ಬಳಕೆದಾರನು ಲಾಗ್‌ಔಟ್ ಆದ ಬಳಿಕವೂ ಅವಧಿ ತೀರುವವರೆಗೆ ಅದು ಸಲ್ಲುತ್ತದೆ.

ಮಾಟುಂಗದ ಸಂಘವೊಂದರ ವಾಚನಾಲಯದಲ್ಲಿ ಹಲವರು ಒಂದೇ ಕಂಪ್ಯೂಟರನ್ನು ಬಳಸುವರೆಂದು ಭಾವಿಸಬಹುದು. ಡೊಂಬಿವಲಿಯ ಲೋಕಲ್ ಹಿಡಿಯುವ ಅವಸರದಲ್ಲಿ ಸದಸ್ಯರೊಬ್ಬರು ಲಾಗ್‌ಔಟ್ ಆಗದೆ ಬ್ರೌಸರನ್ನಷ್ಟೇ ಮುಚ್ಚಿ ಹೊರಟರೆ ಗತಿಯೇನು? ಜಾಂಗೋವಿನ ಮೂಲ ಏರ್ಪಾಡಿನಂತೆ ಸೆಷನ್ನಿನ ಆಯುಸ್ಸು ಎರಡು ವಾರ. ಬ್ರೌಸರು ಮುಚ್ಚಿದ ಮಾತ್ರಕ್ಕೆ ಅದು ಮುಗಿಯದು. ಬಳಿಕ ಬಂದು ಕುಳಿತವರಿಗೆ ಆ ಸದಸ್ಯರ ವಿಳಾಸ, ದೂರವಾಣಿ, ವಂತಿಗೆಯ ಲೆಕ್ಕ ಎಲ್ಲವೂ ತೆರೆದಿಟ್ಟಂತೆಯೇ.

ಇಲ್ಲಿ ಫ್ರೇಮ್‌ವರ್ಕಿನ ಕೆಲಸವಾವುದು, ತಾಣವನ್ನು ಕಟ್ಟುವವರ ಹೊಣೆಯಾವುದು ಎಂಬುದನ್ನು ವಿಂಗಡಿಸಿ ನೋಡತಕ್ಕುದು. ಲಾಗಿನ್ ಆದೊಡನೆ ಗುರುತನ್ನು ಬದಲಿಸುವುದು, ಲಾಗ್‌ಔಟ್ ಆದಾಗ ಸರ್ವರಿನಲ್ಲಿರುವ ದಾಖಲೆಯನ್ನೇ ಅಳಿಸುವುದು, ಪುಟದೊಳಗೆ ನುಸುಳಿದ ಸ್ಕ್ರಿಪ್ಟಿಗೆ ಕುಕಿಯನ್ನು ಓದಗೊಡದಿರುವುದು: ಇವನ್ನು ಜಾಂಗೋ ತಾನಾಗಿ ನೆರವೇರಿಸುತ್ತದೆ. ಗೂಢಲಿಪಿಯ ಎಚ್‌ಟಿಟಿಪಿಎಸ್ ಮಾರ್ಗದಲ್ಲಿ ಮಾತ್ರವೇ ಕುಕಿಯನ್ನು ಕಳುಹಿಸುವಂತೆ ವಿಧಿಸುವುದೂ ಸೆಷನ್ನಿನ ಅವಧಿಯನ್ನು ಗೊತ್ತುಪಡಿಸುವುದೂ ಕಟ್ಟುವವರ ಪಾಲಿಗೆ ಉಳಿದವು. ಬ್ರೌಸರು ಮುಚ್ಚಿದಾಗ ಕುಕಿ ಅಳಿಯುವಂತೆ ಮಾಡಬಹುದಾದರೂ, ಹಿಂದಿನ ಪುಟಗಳನ್ನು ಮರಳಿ ತೆರೆಯುವ ಬ್ರೌಸರುಗಳು ಅದನ್ನು ಉಳಿಸಿಕೊಳ್ಳುವುದುಂಟು. ಆದುದರಿಂದ ಹಲವರು ಬಳಸುವ ಕಡೆ ಅವಧಿಯನ್ನೇ ಕೆಲವು ನಿಮಿಷಗಳಿಗೆ ಮಿತಗೊಳಿಸುವುದು ಲೇಸು. ನೆನಪಿಡುವ ಶಕ್ತಿಯನ್ನು ತಾಣಕ್ಕೆ ಕೊಟ್ಟವರೇ ಮರೆಯಬೇಕಾದ ಹೊತ್ತನ್ನೂ ಅದಕ್ಕೆ ಗೊತ್ತುಪಡಿಸಿಕೊಡಬೇಕು.