ಸಾಲವಿಲ್ಲದ ಮಧುಚಂದ್ರ: ಅಂಡಮಾನ್‌ಗೆ ಹೊರಡುವ ನವಜೋಡಿಗಳಿಗೆ ಕೆಲವು ಮಾತುಗಳು

ಮದುವೆ ನಿಶ್ಚಯವಾದ ಮೇಲೆ ಮನೆಯಲ್ಲಿ ಖರ್ಚಿನ ಪಟ್ಟಿ ಆರಂಭವಾಗುತ್ತದೆ. ಹಾಲ್, ಊಟ, ಬ್ಯಾಂಡ್, ರೋಸ್, ಬಟ್ಟೆಬರೆ, ಚಿನ್ನ ಎಂದು ಎಲ್ಲದಕ್ಕೂ ಲೆಕ್ಕವಿರುತ್ತದೆ. ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದುವ ಹೊತ್ತಿಗೆ ಗೆಳೆಯರು ಕೇಳುತ್ತಾರೆ, "ಹನಿಮೂನ್ ಎಲ್ಲಿಗೆ?" ಆಗ ಗಡಿಬಿಡಿಯಲ್ಲಿ ಸಿಕ್ಕಿದ ಪ್ಯಾಕೇಜನ್ನು ಹಿಡಿದು, ಕೈಯಲ್ಲಿ ಹಣವಿಲ್ಲದಿದ್ದರೆ ಸಾಲ ಮಾಡಿ ಹೊರಡುವವರು ನಮ್ಮ ನಡುವೆ ಕಡಿಮೆಯಿಲ್ಲ.

ಒಂದು ಸಣ್ಣ ಲೆಕ್ಕ ನೋಡೋಣ. 85,000 ರೂಪಾಯಿ ವೈಯಕ್ತಿಕ ಸಾಲವನ್ನು ಶೇ. 15ರ ಬಡ್ಡಿಗೆ ಪಡೆದು 2 ವರ್ಷಗಳಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 4,100 ರೂ. ಕಂತು ಬರುತ್ತದೆ. ಬಡ್ಡಿಯೇ ಸುಮಾರು 14,000 ರೂಪಾಯಿ. ಅದೇ ಹಣವನ್ನು ನಿಶ್ಚಿತಾರ್ಥದಿಂದ ಮದುವೆಯವರೆಗಿನ 10 ತಿಂಗಳಲ್ಲಿ ಕೂಡಿಸುವುದಾದರೆ ಹುಡುಗ ಹುಡುಗಿ ಇಬ್ಬರೂ ತಿಂಗಳಿಗೆ ತಲಾ 4,250 ರೂ. ಬದಿಗಿಟ್ಟರೆ ಸಾಕು. ಇಬ್ಬರದೂ ಸೇರಿದರೆ ತಿಂಗಳಿಗೆ ಬದಿಗಿಡುವ ಮೊತ್ತ ಸಾಲದ ಕಂತಿಗಿಂತ ಹೆಚ್ಚು, ನಿಜ. ಆದರೆ ಮೊದಲನೆಯದರಲ್ಲಿ ಮದುವೆಯ ನಂತರದ 2 ವರ್ಷ ಸಾಲದ ಹೊರೆ, ಎರಡನೆಯದರಲ್ಲಿ ಹೊಸ ಬದುಕು ಋಣವಿಲ್ಲದೆ ಶುರುವಾಗುತ್ತದೆ. ಮದುವೆಗೆ ಮುನ್ನವೇ ಇಬ್ಬರೂ ಸೇರಿ ಮಾಡುವ ಮೊದಲ ಲೆಕ್ಕ ಇದೇ ಆಗಿರಲಿ.

ಸಾಹಸವನ್ನೂ ಸಮುದ್ರವನ್ನೂ ಇಷ್ಟಪಡುವ ಜೋಡಿಗೆ ಪಾಸ್‌ಪೋರ್ಟ್ ಇಲ್ಲದೆ ಹೋಗಬಹುದಾದ ಒಳ್ಳೆಯ ಜಾಗ ಅಂಡಮಾನ್. ಮಿತವಾದ ಹಣದಲ್ಲಿ ಅಲ್ಲಿಗೆ ಹೋಗಿಬರುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಯಾವಾಗ ಹೋಗಬೇಕು?

ಅಂಡಮಾನ್‌ಗೆ ಒಳ್ಳೆಯ ಕಾಲ ನವೆಂಬರ್‌ನಿಂದ ಮೇ ಮೊದಲ ವಾರದವರೆಗೆ. ಜನವರಿಯಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತವಾಗಿದ್ದು ನೀರು ತಿಳಿಯಾಗಿರುತ್ತದೆ. ಮುಂಗಾರು ನಮ್ಮ ಕರಾವಳಿಗೆ ಬರುವ ಮೊದಲೇ, ಸಾಮಾನ್ಯವಾಗಿ ಮೇ ಮೂರನೇ ವಾರದ ಹೊತ್ತಿಗೆ, ಅಲ್ಲಿಗೆ ತಲಪುತ್ತದೆ.

ನಮ್ಮಲ್ಲಿ ಆಗಮನ ಕಾಲ ಮತ್ತು ತಪಸ್ಸಿನ ಕಾಲದಲ್ಲಿ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಹೆಚ್ಚಿನ ಮದುವೆಗಳು ಕ್ರಿಸ್ಮಸ್ ನಂತರ ಇಲ್ಲವೇ ಈಸ್ಟರ್ ನಂತರ ನಡೆಯುತ್ತವೆ. ಕ್ರಿಸ್ಮಸ್ ಮತ್ತು ಹೊಸ ವರ್ಷದ ನಡುವೆ ಅಂಡಮಾನ್‌ನಲ್ಲಿ ವಿಮಾನ, ಕೋಣೆ ಎರಡರ ದರವೂ ಏರಿರುತ್ತದೆ. ಡಿಸೆಂಬರ್ ಕೊನೆಯಲ್ಲಿ ಮದುವೆಯಾದವರು ಮೂವರು ರಾಯರ ಹಬ್ಬ ಕಳೆದು ಜನವರಿ ಎರಡನೇ ವಾರದಲ್ಲಿ ಹೊರಟರೆ ಹಣ ಉಳಿಯುತ್ತದೆ. ಮದುವೆಯ ಆಯಾಸ, ನೆಂಟರ ಮನೆಯ ಔತಣ ಎಲ್ಲವೂ ಮುಗಿದಿರುತ್ತದೆ. ಈಸ್ಟರ್ ನಂತರ ಮದುವೆಯಾದವರು ಮೇ ಮೊದಲ ವಾರದೊಳಗೆ ಹೋಗಿಬರುವುದು ಒಳ್ಳೆಯದು. ಅಷ್ಟರಲ್ಲಿ ಆಗದಿದ್ದರೆ ನವೆಂಬರ್‌ಗೆ ಮುಂದೂಡುವುದರಲ್ಲಿ ಯಾವ ಕೊರತೆಯೂ ಇಲ್ಲ. ಮಳೆಗಾಲದಲ್ಲಿ ಹೋಗಿ ಕೋಣೆಯಲ್ಲಿ ಕುಳಿತಿರುವುದಕ್ಕಿಂತ ಅದೇ ಮೇಲು.

ತಲಪುವುದು ಹೇಗೆ?

ಮಂಗಳೂರಿನಿಂದ ಚೆನ್ನೈಗೆ ರಾತ್ರಿ ರೈಲು, ಅಲ್ಲಿಂದ ವಿಮಾನ. ಇದು ನಮ್ಮವರಿಗೆ ಅಗ್ಗದ ದಾರಿಗಳಲ್ಲಿ ಒಂದು. ಚೆನ್ನೈಯಿಂದ ವಿಮಾನ ಪ್ರಯಾಣ ಸುಮಾರು 2 ಗಂಟೆ. ಬೆಂಗಳೂರಿನಿಂದಲೂ ವಿಮಾನವಿದೆ, ಎರಡೂ ಕಡೆಯ ದರವನ್ನು ಹೋಲಿಸಿ ನೋಡಿರಿ. ಚೆನ್ನೈಯಿಂದ ಹಡಗೂ ಇದೆ, ಆದರೆ ಒಂದು ಕಡೆಗೇ ಸುಮಾರು 3 ದಿನ ಬೇಕು. ವಾರದ ರಜೆ ಮಾತ್ರ ಇರುವವರಿಗೆ ಅದು ಆಗಿಬರುವುದಿಲ್ಲ.

ವಿಮಾನದ ಟಿಕೆಟನ್ನು ಎರಡು ಮೂರು ತಿಂಗಳು ಮೊದಲೇ ತೆಗೆಯಿರಿ. ರೈಲಿನ ಮುಂಗಡ ಬುಕ್ಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ ಎಂಬುದು ನೆನಪಿರಲಿ. ರೈಲು ತಡವಾದರೆ ವಿಮಾನ ತಪ್ಪದಂತೆ ನಡುವೆ ಸಾಕಷ್ಟು ಗಂಟೆಗಳ ಅಂತರ ಇಡಬೇಕು.

ಟಿಕೆಟ್ ತೆಗೆಯುವಾಗ ಅನೇಕರು ಮಾಡುವ ತಪ್ಪೊಂದಿದೆ. ಮದುವೆಯ ನಂತರದ ಪ್ರಯಾಣವೆಂದು ಮದುಮಗಳ ಹೆಸರಿನ ಮುಂದೆ ಗಂಡನ ಮನೆಯ ಅಡ್ಡಹೆಸರು ಬರೆಸಬಾರದು. ಆಧಾರ್ ಕಾರ್ಡಿನಲ್ಲಿ ಹೆಸರು ಹೇಗಿದೆಯೋ ಟಿಕೆಟಿನಲ್ಲಿಯೂ ಹಾಗೆಯೇ ಇರಬೇಕು. ಇಲ್ಲವಾದರೆ ವಿಮಾನ ನಿಲ್ದಾಣದ ಬಾಗಿಲಲ್ಲೇ ತೊಂದರೆ.

ಹಳೆಯ ಹೆಸರು, ಹೊಸ ಹೆಸರು

2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ದ್ವೀಪಕ್ಕೆ ಸ್ವರಾಜ್ ದ್ವೀಪ ಎಂದೂ ನೀಲ್ ದ್ವೀಪಕ್ಕೆ ಶಹೀದ್ ದ್ವೀಪ ಎಂದೂ ಹೆಸರಿಡಲಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟ್ ಹುಡುಕುವಾಗ ಎರಡೂ ಹೆಸರುಗಳು ಕಾಣಿಸಬಹುದು, ಗೊಂದಲ ಬೇಡ. ಈ ಮೂರು ಕಡೆಗೆ ಹೋಗಲು ಭಾರತೀಯರಿಗೆ ವಿಶೇಷ ಪರವಾನಗಿಯ ಅಗತ್ಯವಿಲ್ಲ.

ಆರು ರಾತ್ರಿಗಳ ಯೋಜನೆ

ಮೊದಲ ದಿನ ಪೋರ್ಟ್ ಬ್ಲೇರ್. ಸ್ವಾತಂತ್ರ್ಯ ಹೋರಾಟಗಾರರನ್ನು ಬಂಧಿಸಿಟ್ಟಿದ್ದ, 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲರ್ ಜೈಲನ್ನು ನೋಡಿರಿ. ಎರಡನೆಯ ದಿನ ದೋಣಿಯಲ್ಲಿ ಹ್ಯಾವ್‌ಲಾಕ್‌ಗೆ ಹೋಗಿ ಅಲ್ಲಿ 3 ರಾತ್ರಿ ಉಳಿಯಿರಿ. ಒಂದು ದಿನ ಸ್ಕೂಬಾ ಡೈವಿಂಗ್, ಇನ್ನೊಂದು ದಿನ ಎಲಿಫೆಂಟ್ ಬೀಚಿನಲ್ಲಿ ಸ್ನಾರ್ಕೆಲಿಂಗ್. ಎಲಿಫೆಂಟ್ ಬೀಚಿಗೆ ದೋಣಿಯಲ್ಲಿ ಹೋಗಬಹುದು, ಕಾಡುದಾರಿ ತೆರೆದಿದ್ದರೆ ನಡೆದೂ ಹೋಗಬಹುದು. ರಾಧಾನಗರ ಕಡಲ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆತಿದೆ. ಅಲ್ಲಿ ಸೂರ್ಯಾಸ್ತ ನೋಡಲು ಕಾಸು ಖರ್ಚಿಲ್ಲ. ಅಮಾವಾಸ್ಯೆಯ ಹತ್ತಿರದ ದಿನಗಳಾದರೆ ರಾತ್ರಿ ಕಯಾಕ್‌ನಲ್ಲಿ ಹುಟ್ಟು ಹಾಕುವಾಗ ನೀರು ಮಿನುಗುವುದನ್ನು ಕಾಣಬಹುದು.

ಐದನೆಯ ದಿನ ನೀಲ್ ದ್ವೀಪ. ಸೈಕಲ್ಲಿನಲ್ಲೇ ಸುತ್ತಬಹುದಾದಷ್ಟು ಚಿಕ್ಕ ದ್ವೀಪವಿದು. ಇಲ್ಲಿನ ಕಲ್ಲಿನ ಸಹಜ ಸೇತುವೆಯನ್ನು ನೀರು ಇಳಿದಾಗ ನೋಡಬೇಕು. ಆರನೆಯ ದಿನ ಪೋರ್ಟ್ ಬ್ಲೇರ್‌ಗೆ ಮರಳಿ, ಏಳನೆಯ ದಿನ ವಿಮಾನ ಹತ್ತಿರಿ.

ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕೆಂಬುದಕ್ಕೆ ಎರಡು ಕಾರಣಗಳಿವೆ. ಗಾಳಿ ಜೋರಾದರೆ ದ್ವೀಪಗಳ ನಡುವಿನ ದೋಣಿಗಳು ರದ್ದಾಗುತ್ತವೆ, ಆಗ ವಿಮಾನವೂ ತಪ್ಪುತ್ತದೆ. ಇನ್ನೊಂದು, ಡೈವಿಂಗ್ ಮಾಡಿದ ನಂತರ ಕನಿಷ್ಠ 18ರಿಂದ 24 ಗಂಟೆ ವಿಮಾನ ಹತ್ತಬಾರದು. ನೀರಿನಡಿಯ ಒತ್ತಡದಲ್ಲಿ ದೇಹ ಹೀರಿಕೊಂಡ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ಆದ್ದರಿಂದ ಡೈವಿಂಗ್ ಪ್ರವಾಸದ ಮಧ್ಯದಲ್ಲಿರಲಿ, ಕೊನೆಯಲ್ಲಿ ಬೇಡ.

ಅಲ್ಲಿ ಬೆಳಗಾಗುವುದು ಬೇಗ, ಸಂಜೆ ಐದೂವರೆಯ ಹೊತ್ತಿಗೆ ಕತ್ತಲು. ಮುಂಜಾನೆ ಐದಕ್ಕೇ ಎದ್ದು ಹೊರಟವರಿಗೆ ಮಾತ್ರ ಪೂರ್ತಿ ದಿನ ಸಿಗುತ್ತದೆ.

ಇಬ್ಬರಿಗೆ ತಗಲುವ ಖರ್ಚು

ಕೆಳಗಿನದು ಒಂದು ಅಂದಾಜು ಮಾತ್ರ. ದರಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ, ಹೊರಡುವ ಮೊದಲು ವಿಚಾರಿಸಿಕೊಳ್ಳಿರಿ.

- ಮಂಗಳೂರು–ಚೆನ್ನೈ ರೈಲು, ಹೋಗಿ ಬರಲು: 5,000 ರೂ.
- ಚೆನ್ನೈಯಿಂದ ವಿಮಾನ, ಹೋಗಿ ಬರಲು: 26,000 ರೂ.
- ಕೋಣೆ, 6 ರಾತ್ರಿ: 12,000 ರೂ.
- ದ್ವೀಪಗಳ ನಡುವಿನ ದೋಣಿ, 3 ಬಾರಿ: 9,000 ರೂ.
- ಸ್ಕೂಬಾ ಡೈವಿಂಗ್: 11,000 ರೂ.
- ಊಟ ತಿಂಡಿ, 7 ದಿನ: 8,400 ರೂ.
- ಬಾಡಿಗೆ ಸ್ಕೂಟರ್, ಆಟೋ, ಪ್ರವೇಶ ಶುಲ್ಕ ಇತ್ಯಾದಿ: 5,000 ರೂ.

ಒಟ್ಟು 76,400 ರೂ. ಇದರ ಮೇಲೆ 8,600 ರೂ. ಕೈಮೀಸಲು ಇಟ್ಟುಕೊಂಡರೆ 85,000 ರೂ. ಆಯಿತು. ಈ ಕೈಮೀಸಲನ್ನು ಖರ್ಚಿನ ಹಣವೆಂದು ಭಾವಿಸಬಾರದು. ದೋಣಿ ರದ್ದಾಗಿ ಒಂದು ರಾತ್ರಿ ಹೆಚ್ಚು ಉಳಿಯಬೇಕಾದರೆ, ಜ್ವರ ಬಂದರೆ ಅದೇ ಆಧಾರ.

ಪಟ್ಟಿಯನ್ನು ಸರಿಯಾಗಿ ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಹಣ ಹೆಚ್ಚು ಹೋಗುವುದು ಪ್ರಯಾಣಕ್ಕೆ ಮತ್ತು ಕೋಣೆಗೆ. ಸಾಹಸಕ್ಕೆ ಹೋಗುವುದು ಏಳನೇ ಒಂದು ಪಾಲು. ಸಾಲ ಮಾಡಿದವರು ಕಟ್ಟುವ 14,000 ರೂ. ಬಡ್ಡಿ ಈ ಡೈವಿಂಗ್ ಖರ್ಚಿಗಿಂತಲೂ ಜಾಸ್ತಿ! ಆದ್ದರಿಂದ ಉಳಿಸಬೇಕಾದರೆ ಕೋಣೆಯಲ್ಲಿ ಉಳಿಸಿರಿ. ಹಗಲೆಲ್ಲ ಹೊರಗೆ ಇರುವವರಿಗೆ ಶುಚಿಯಾದ, ಸುರಕ್ಷಿತವಾದ ಸಾದಾ ಕೋಣೆ ಸಾಕು. ಹೂವಿನ ಹಾಸಿಗೆ, ಮೇಣದ ಬತ್ತಿಯ ಊಟ ಎಂದು ಪ್ಯಾಕೇಜಿನಲ್ಲಿ ಸೇರಿಸುವ ಬಾಬ್ತುಗಳನ್ನು ಬಿಡಬಹುದು.

ಸರಕಾರಿ ದೋಣಿಗಳ ದರ ಖಾಸಗಿಯವುಗಳಿಗಿಂತ ತೀರಾ ಕಡಿಮೆ. ಆದರೆ ಸೀಟು ಸಿಗುವುದು ಕಷ್ಟ, ಸಮಯವೂ ಹೆಚ್ಚು ಬೇಕು. ಸಿಕ್ಕಿದರೆ ಲಾಭ, ಲೆಕ್ಕವನ್ನು ಮಾತ್ರ ಖಾಸಗಿ ದೋಣಿಯ ದರದಲ್ಲೇ ಇಟ್ಟುಕೊಳ್ಳಿರಿ. ದೋಣಿಯ ಟಿಕೆಟ್ ಖಚಿತವಾದ ಮೇಲೆಯೇ ದ್ವೀಪದ ಕೋಣೆಗೆ ಪೂರ್ತಿ ಹಣ ಕಟ್ಟಿರಿ. ಸಣ್ಣ ದ್ವೀಪಗಳಲ್ಲಿ ಫೋನಿನಲ್ಲಿ ಹಣ ಕಳುಹಿಸಲು ಕೆಲವೊಮ್ಮೆ ಸಿಗ್ನಲ್ ಸಿಗುವುದಿಲ್ಲ, ಕೈಯಲ್ಲಿ ನಗದು ಇರಲಿ.

ನೀರಿಗೆ ಇಳಿಯುವ ಮೊದಲು

ಮೊದಲ ಬಾರಿಯ ಡೈವಿಂಗ್‌ಗೆ ಈಜು ಬರಬೇಕೆಂದಿಲ್ಲ. ತರಬೇತುದಾರರು ಜೊತೆಯಲ್ಲೇ ಇರುತ್ತಾರೆ, ಆಳವೂ 12 ಮೀಟರ್ ಮೀರುವುದಿಲ್ಲ. ಆದರೆ ಅಲ್ಲಿ ಕೊಡುವ ಆರೋಗ್ಯದ ಅರ್ಜಿಯನ್ನು ಸತ್ಯವಾಗಿ ತುಂಬಿಸಬೇಕು. ಅಸ್ತಮಾ, ಹೃದಯದ ತೊಂದರೆ, ಅಪಸ್ಮಾರ, ಕಿವಿಯ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಊರಿನಲ್ಲೇ ಕೇಳಿಕೊಂಡು ಹೋಗಬೇಕು. ಗರ್ಭಿಣಿಯರು ಡೈವಿಂಗ್ ಮಾಡಲೇಬಾರದು. ಶೀತವಾಗಿ ಮೂಗು ಕಟ್ಟಿದ್ದರೆ ಆ ದಿನ ಬೇಡ. ಇಬ್ಬರಲ್ಲಿ ಒಬ್ಬರಿಗೆ ಹೆದರಿಕೆಯಿದ್ದರೆ ಒತ್ತಾಯ ಮಾಡಬೇಡಿರಿ. ಲೈಫ್ ಜಾಕೆಟ್ ಹಾಕಿಕೊಂಡು ಸ್ನಾರ್ಕೆಲಿಂಗ್ ಮಾಡಿದರೂ ಹವಳ, ಮೀನು ಕಾಣುತ್ತವೆ.

ನೀರಿನಲ್ಲಿ ಬೆರಳು ತಣ್ಣಗಾಗಿ ಉಂಗುರ ಜಾರುತ್ತದೆ. ಆಶೀರ್ವಾದ ಮಾಡಿಸಿದ ಮದುವೆಯ ಉಂಗುರ ಸಮುದ್ರ ಸೇರಿದರೆ ಮರಳಿ ಸಿಗದು. ಇಳಿಯುವ ಮೊದಲು ತೆಗೆದಿಡಿರಿ. ಉಳಿದ ಚಿನ್ನವನ್ನು ಊರಿನಲ್ಲೇ ಬಿಟ್ಟು ಹೊರಡುವುದು ಕ್ಷೇಮ.

ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆಯ ಫಲಕವಿರುವಲ್ಲಿ, ಕಾಂಡ್ಲಾ ಕಾಡಿನ ಹತ್ತಿರ, ಕತ್ತಲಾದ ಮೇಲೆ ನೀರಿಗಿಳಿಯಬಾರದು. ಹವಳದ ತುಂಡು, ಚಿಪ್ಪು ಹೆಕ್ಕಿ ತರಬಾರದು. ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ, ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆಯಾಗುತ್ತದೆ.

ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗೆ ಹೋಗುವ ರಸ್ತೆ ಜಾರವಾ ಆದಿವಾಸಿಗಳ ಮೀಸಲು ಪ್ರದೇಶವನ್ನು ಹಾದುಹೋಗುತ್ತದೆ. ನಿಗದಿತ ಸಮಯದಲ್ಲಿ ವಾಹನಗಳನ್ನು ಸಾಲಾಗಿ ಬಿಡುತ್ತಾರೆ. ದಾರಿಯಲ್ಲಿ ನಿಲ್ಲಿಸುವುದು, ಫೋಟೋ ತೆಗೆಯುವುದು, ತಿಂಡಿ ಕೊಡುವುದು ಕಾನೂನಿಗೆ ವಿರುದ್ಧ. ಅವರೂ ನಮ್ಮಂತೆ ಮನುಷ್ಯರು, ನೋಡಲು ಇಟ್ಟ ವಸ್ತುಗಳಲ್ಲ. ಈ ಕಾರಣಕ್ಕೆ ಮೇಲಿನ ಯೋಜನೆಯಲ್ಲಿ ಆ ಪ್ರಯಾಣವನ್ನು ಸೇರಿಸಿಲ್ಲ.

ಪ್ರವಾಸದ ನಡುವೆ ಭಾನುವಾರ ಬಂದರೆ ಪೋರ್ಟ್ ಬ್ಲೇರ್‌ನಲ್ಲಿ ಸ್ಟೆಲ್ಲಾ ಮಾರಿಸ್ ಪ್ರಧಾನಾಲಯವಿದೆ. ಪೋರ್ಟ್ ಬ್ಲೇರ್ ಧರ್ಮಪ್ರಾಂತ್ಯ ಸ್ಥಾಪನೆಯಾದುದು 1984ರಲ್ಲಿ.

ಅಷ್ಟೂ ಆಗದಿದ್ದರೆ?

85,000 ರೂಪಾಯಿ ಎಲ್ಲರ ಕೈಗೆ ಎಟಕುವ ಮೊತ್ತವಲ್ಲ. ಹಾಗಿದ್ದವರು ಬೇಸರಪಡಬೇಕಾಗಿಲ್ಲ. ನಮ್ಮದೇ ಕರಾವಳಿಯ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಸಮುದ್ರದಲ್ಲಿ ನೇತ್ರಾಣಿ ದ್ವೀಪವಿದೆ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಅಲ್ಲಿ ಹೊಸಬರಿಗೂ ಸ್ಕೂಬಾ ಡೈವಿಂಗ್ ಮಾಡಿಸುತ್ತಾರೆ. ಮಂಗಳೂರಿನಿಂದ ಕೊಂಕಣ ರೈಲಿನಲ್ಲಿ ಹೋಗಿ, 2 ರಾತ್ರಿ ಉಳಿದು, ಇಬ್ಬರೂ ಡೈವಿಂಗ್ ಮಾಡಿ 25,000 ರೂಪಾಯಿಯೊಳಗೆ ಮರಳಬಹುದು. ಮೇಲೆ ಹೇಳಿದ ಆರೋಗ್ಯದ ಎಚ್ಚರಿಕೆ ಅಲ್ಲಿಗೂ ಅನ್ವಯಿಸುತ್ತದೆ.

ವಿವಾಹ ಸಿದ್ಧತಾ ಶಿಬಿರಗಳನ್ನು ನಡೆಸುವವರಿಗೆ ಒಂದು ಸಲಹೆ. ಕುಟುಂಬದ ಆದಾಯ ಖರ್ಚಿನ ಬಗ್ಗೆ ಮಾತನಾಡುವಾಗ ಈ ಮಧುಚಂದ್ರದ ಲೆಕ್ಕವನ್ನೇ ಜೋಡಿಗಳ ಮುಂದಿಟ್ಟು ಅವರಿಂದಲೇ ಪಟ್ಟಿ ಬರೆಸಬಹುದು. ಯಾವುದನ್ನು ಬಿಡಬಹುದು, ಯಾವುದು ಬೇಕೇ ಬೇಕು ಎಂದು ಇಬ್ಬರೂ ಕುಳಿತು ಮಾತನಾಡಿದರೆ ಮುಂದೆ ಮನೆ ಬಾಡಿಗೆ, ಮಕ್ಕಳ ಶಾಲೆ, ತಂದೆ ತಾಯಿಯ ಔಷಧಿಯ ಖರ್ಚನ್ನೂ ಹಾಗೆಯೇ ಕುಳಿತು ಮಾತನಾಡುವ ಅಭ್ಯಾಸ ಬೆಳೆಯುತ್ತದೆ.

"ಎಲ್ಲಿಗೆ ಹೋಗಿದ್ದಿರಿ?" ಎಂದು ಕೇಳುವವರು ಒಂದು ವಾರ ಕೇಳಿ ಮರೆತುಬಿಡುತ್ತಾರೆ. ಕಂತು ಕಟ್ಟುವವರು ನೀವು. ಆದ್ದರಿಂದ ನಿಮ್ಮ ಕೈಗೆ ಎಟಕುವಷ್ಟು ದೂರ ಹೋಗಿರಿ, ಸಂತೋಷದಿಂದ ಕ್ಷೇಮವಾಗಿ ಮರಳಿ ಬನ್ನಿರಿ. ನವಜೋಡಿಗಳಿಗೆ ಶುಭವಾಗಲಿ.