ಬಿಳಿ ಅಂಗಿ ಯಾರನ್ನು ಕಾಯುತ್ತದೆ?

ಕಳೆದ ತಿಂಗಳು ಎವರ್‌ಗ್ರೀನ್‌ನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಹುಡುಗನೊಬ್ಬ, "ಅಂಕಲ್, ಈಗ ಫ್ಯಾಬ್‌ನಲ್ಲಿ ಕೆಲಸ. ಆಸ್ಪತ್ರೆಗಿಂತ ಚೊಕ್ಕಟವಾದ ಜಾಗ" ಎಂದು ಹೆಮ್ಮೆಯಿಂದ ಹೇಳಿದ. ಚೊಕ್ಕಟವೇನೋ ನಿಜ. ಯಾರಿಗಾಗಿ ಚೊಕ್ಕಟ ಎಂಬುದು ಅರ್ಥವಾಗಲು ನಾನು ಒಂದು ಬೆರಳು ಸುಟ್ಟುಕೊಳ್ಳಬೇಕಾಯಿತು. ಆ ಕಥೆಯನ್ನು ನಮ್ಮ ಬಂಧುಗಳ ಮುಂದೆ ಇಡುತ್ತಿದ್ದೇನೆ.

1982ರ ಮಾತು. ಈ ಕಣಿವೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ರಾತ್ರಿ ಪಾಳಿ. ವೇಫರುಗಳನ್ನು ಅದ್ದಿ ತೆಗೆಯುವ ತೊಟ್ಟಿಯ ಮೇಲೆ ಬರೆದಿದ್ದದ್ದು ಮೂರೇ ಅಕ್ಷರ: ಬಿ.ಓ.ಇ. ಕೈಗವಸಿನಲ್ಲಿ ಸೂಜಿಮೊನೆಯಷ್ಟು ತೂತಿತ್ತು. ತೋರುಬೆರಳು ಸ್ವಲ್ಪ ಒದ್ದೆಯಾಯಿತು, ಉರಿಯಿಲ್ಲ, ಕೆಂಪಿಲ್ಲ. ಬಟ್ಟೆಗೆ ಒರೆಸಿಕೊಂಡು ಕೆಲಸ ಮುಂದುವರಿಸಿದೆ. ಮನೆಗೆ ಬಂದು ಮಲಗಿದ ಮೇಲೆ ಎಲುಬಿನೊಳಗಿನಿಂದ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ನೋವು ಶುರುವಾಯಿತು. "ಏನ್ರೀ ಇದು, ಉಗುರು ಬೆಳ್ಳಗಾಗಿದೆಯಲ್ಲ!" ಎಂದು ನನ್ನಾಕೆ ಗಾಬರಿಯಾದಳು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಏನು ತಗುಲಿತ್ತು ಎಂದು. ನಾನು ಬಿ.ಓ.ಇ. ಎಂದೆ. ಅದರಲ್ಲಿ ಏನಿದೆ ಎಂಬುದು ಅವರಿಗೂ ಗೊತ್ತಿಲ್ಲ, ದಿನಾ ಅದರಲ್ಲಿ ಕೈಯಾಡಿಸುತ್ತಿದ್ದ ನನಗೂ ಗೊತ್ತಿಲ್ಲ! ಮೇಲ್ವಿಚಾರಕರನ್ನು ಫೋನಿನಲ್ಲಿ ಎಬ್ಬಿಸಿ ಕೇಳಿದ ಮೇಲೆ ತಿಳಿಯಿತು, ಹೈಡ್ರೋಫ್ಲೋರಿಕ್ ಆಮ್ಲ.

ಗಾಜನ್ನೇ ಕರಗಿಸುವ ಆಮ್ಲ ಇದು. ಅದಕ್ಕೇ ಪ್ಲಾಸ್ಟಿಕ್ ಡಬ್ಬಗಳಲ್ಲಿ ಇಡುತ್ತಾರೆ. ನೀರು ಬೆರೆಸಿದ್ದಾದರೆ ಮೈಗೆ ತಗುಲಿದಾಗ ಉರಿಯುವುದಿಲ್ಲ, ಗಂಟೆಗಟ್ಟಲೆ ಸುಮ್ಮನಿದ್ದು ಆಮೇಲೆ ಕಾಡುತ್ತದೆ. ಚರ್ಮದೊಳಗೆ ಇಳಿದ ಫ್ಲೋರೈಡು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಹೆಚ್ಚು ಸೇರಿದರೆ ಹೃದಯದ ಬಡಿತವೇ ತಪ್ಪುತ್ತದೆ. ತಗುಲಿದ ಕೂಡಲೇ ಧಾರಾಳ ನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಿ, ಆಸ್ಪತ್ರೆಗೆ ಓಡಬೇಕು, ನೋವಿಲ್ಲದಿದ್ದರೂ. ಹಚ್ಚುವವರ ಕೈಯಲ್ಲೂ ಗವಸಿರಲಿ. ನನ್ನ ಬೆರಳು ಉಳಿಯಿತು. ಉಗುರು ಇಂದಿಗೂ ಸೊಟ್ಟಗಿದೆ.

ಇನ್ನು ಆ ಬಿಳಿ ಅಂಗಿ, ಟೋಪಿ, ಮುಸುಕು. ಅವೆಲ್ಲ ನಮ್ಮ ಮೈಯ ಧೂಳಿನಿಂದ ವೇಫರನ್ನು ಕಾಯಲು, ಆಮ್ಲದಿಂದ ನಮ್ಮನ್ನು ಕಾಯಲು ಅಲ್ಲ. ಕೋಣೆಯ ಗಾಳಿಯೂ ಹಾಗೆಯೇ: ಸೋಸುವ ಫಿಲ್ಟರು ಕಣಗಳನ್ನು ಹಿಡಿಯುತ್ತದೆ, ದ್ರಾವಕಗಳ ಆವಿಯನ್ನು ಹಿಡಿಯುವುದಿಲ್ಲ. ವರ್ಷಗಟ್ಟಲೆ ಮಡಿ ಬಟ್ಟೆ ಎಂದೇ ನಂಬಿದ್ದೆ ನಾನು. ಮಡಿ ಹೌದು, ಆದರೆ ದೇವರಿಗಾಗಿ, ಪೂಜಾರಿಗಾಗಿ ಅಲ್ಲ.

ಕಾರ್ಖಾನೆಯ ಗೋಡೆಯೊಳಗೇ ಈ ವಿಷಯ ಮುಗಿಯುವುದೂ ಇಲ್ಲ. ಎವರ್‌ಗ್ರೀನ್‌ನಿಂದ ಕೆಲವೇ ಮೈಲಿ ದಕ್ಷಿಣಕ್ಕೆ, ಬರ್ನಾಲ್ ರಸ್ತೆಯಲ್ಲಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಾರ್ಖಾನೆಯಿತ್ತು. ಅದರ ನೆಲದಡಿಯ ತೊಟ್ಟಿಯೊಂದು ಸೋರಿ ಟ್ರೈಕ್ಲೋರೋಈಥೇನ್ ಮುಂತಾದ ದ್ರಾವಕಗಳು ಮಣ್ಣಿಗಿಳಿದದ್ದು 1981ರ ಕೊನೆಯಲ್ಲಿ ಗೊತ್ತಾಯಿತು. ಸುಮಾರು 2,000 ಅಡಿ ದೂರದಲ್ಲಿ, ಲಾಸ್ ಪಸೆಯೋಸ್ ಬಡಾವಣೆಗೆ ಕುಡಿಯುವ ನೀರು ಕೊಡುತ್ತಿದ್ದ ಕೊಳವೆ ಬಾವಿಯಲ್ಲಿ ಅದು ಸೇರಿತ್ತು. ಬಾವಿ ಮುಚ್ಚಿದರು, ಮರುವರ್ಷ ಸುದ್ದಿ ಪತ್ರಿಕೆಗಳಿಗೆ ಬಂತು. ಆ ಬಡಾವಣೆಯಲ್ಲಿ ಗರ್ಭಪಾತಗಳೂ ಮಕ್ಕಳ ಹುಟ್ಟುದೋಷಗಳೂ ನಿರೀಕ್ಷೆಗಿಂತ ಹೆಚ್ಚಿದ್ದವು ಎಂದು 1985ರಲ್ಲಿ ಸರ್ಕಾರಿ ಅಧ್ಯಯನ ತೋರಿಸಿತು. ನೀರೇ ಕಾರಣ ಎಂದು ಸಾಬೀತಾಗಲಿಲ್ಲ. ಆ ತಾಯಂದಿರಿಗೆ ಈ ಎರಡನೆಯ ವಾಕ್ಯದಿಂದ ಎಷ್ಟು ಸಮಾಧಾನವಾಯಿತೋ ಹೇಳಲಾರೆ. ಆದರೆ ಅವರ ಗಲಾಟೆಯಿಂದ ಕಾನೂನು ಬಂತು: ನೆಲದಡಿಯ ಹೊಸ ತೊಟ್ಟಿಗಳಿಗೆ ಎರಡು ಪದರ, ಸೋರಿಕೆಯ ಮೇಲೆ ನಿಗಾ. ಸಾಂತಾ ಕ್ಲಾರಾ ಕೌಂಟಿಯಲ್ಲಿ 20ಕ್ಕೂ ಹೆಚ್ಚು ಸೂಪರ್‌ಫಂಡ್ ಜಾಗಗಳಿವೆ. ಹಲವು ಕಡೆ ಅಂತರ್ಜಲ ಶುದ್ಧಿಯ ಕೆಲಸ ದಶಕಗಳಾದರೂ ಮುಗಿದಿಲ್ಲ. ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳು ಬಸ್ಸಿನಿಂದಲೇ ಕಾಣುತ್ತಿದ್ದವು. ಇಲ್ಲಿಯದು ಹುಲ್ಲುಹಾಸಿನ ಕೆಳಗಿದೆ, ಅಷ್ಟೇ.

ಕೆಲಸದ ಜಾಗದಲ್ಲಿರುವ ರಾಸಾಯನಿಕದ ಹೆಸರು, ಅದರ ಅಪಾಯ ತಿಳಿಯುವುದು ಇಲ್ಲಿ ಹಕ್ಕು. ಕೇಂದ್ರ ಸರ್ಕಾರದ ನಿಯಮ 1983ರದು. ಸುರಕ್ಷತಾ ಹಾಳೆಯಲ್ಲಿ 16 ಭಾಗಗಳಿವೆ. ಎಲ್ಲ ಓದಲು ಬೇಸರವಾದರೆ ನಾಲ್ಕನೆಯದನ್ನೂ ಎಂಟನೆಯದನ್ನೂ ಓದಿ: ಪ್ರಥಮ ಚಿಕಿತ್ಸೆ ಒಂದು, ಯಾವ ಗವಸು, ಯಾವ ಮುಖವಾಡ ಎಂಬುದು ಇನ್ನೊಂದು. ನಮ್ಮವರು ಕೇಳುವುದಿಲ್ಲ. "ವೀಸಾ ಇದೆ, ಯಾಕೆ ಸುಮ್ಮನೆ" ಎನ್ನುತ್ತಾರೆ. ಕ್ಯಾಲಿಫೋರ್ನಿಯದ ಸುರಕ್ಷತಾ ಕಾನೂನಿನ ರಕ್ಷಣೆ ಯಾವ ವೀಸಾದಲ್ಲಿರುವ ಕೆಲಸಗಾರನಿಗೂ ಉಂಟು; ದೂರು ಕೊಟ್ಟದ್ದಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಹೆದರಿಕೆ ಸುಳ್ಳು ಎನ್ನುತ್ತಿಲ್ಲ. ನಾನೂ ಹೆದರಿ ಬಾಯಿ ಮುಚ್ಚಿಕೊಂಡವನೇ.

ಊಟ ಮುಗಿದ ಮೇಲೆ ಆ ಹುಡುಗನನ್ನು ಕೇಳಿದೆ, ನಿನ್ನ ತೊಟ್ಟಿಯಲ್ಲಿ ಏನಿದೆಯಪ್ಪ ಎಂದು. ಅವನೂ ಮೂರಕ್ಷರವನ್ನೇ ಹೇಳಿದ. ನನ್ನ ಉಗುರು ತೋರಿಸಿದೆ. ಮುಂದಿನ ವಾರ ಫೋನು ಮಾಡಿದ್ದ: "ಹಾಳೆ ಓದಿದೆ ಅಂಕಲ್. ಜೆಲ್ ಇದೆ. ಆದರೆ ಟ್ಯೂಬಿನ ತಾರೀಕು ಮುಗಿದಿತ್ತು. ಹೇಳಿ ಹೊಸದು ತರಿಸಿದೆ."