‘ಫ್ರೆಖ್’ ಎಂಬ ತುಂಟ ಪದ

ಮುಂಬಯಿ, ಪುಣೆಗಳ ಮ್ಯಾಕ್ಸ್ ಮುಲ್ಲರ್ ಭವನಗಳಲ್ಲಿ ಜರ್ಮನ್ ಕಲಿಯುವ ನಮ್ಮ ಹುಡುಗ ಹುಡುಗಿಯರು ‘ಫ್ರೆಖ್’ ಎಂಬ ಗುಣವಾಚಕವನ್ನು ಕೇಳಿರಬಹುದು. ಅದರ ಕೊನೆಯ ಧ್ವನಿ ನಮ್ಮ ಶಕಾರ, ಹಕಾರಗಳ ನಡುವಿನದು; ಬರೆಯಲು ನಮ್ಮಲ್ಲಿ ಅಕ್ಷರವಿಲ್ಲ. ಅರ್ಥವೂ ಹಾಗೆಯೇ, ನಡುವೆಲ್ಲೋ ನಿಂತಿದೆ. ಇಂಗ್ಲಿಷಿಗೆ ತರಲು ಹೊರಟರೆ ಚೀಕಿ, ಸಾಸಿ, ಇಂಪ್ಯುಡೆಂಟ್, ಬ್ರೇಜನ್ ಎಂದು ಪದಗಳು ಸಾಲುಗಟ್ಟುತ್ತವೆ. ಯಾವುದನ್ನು ಆರಿಸುವುದು?

ಬಹು ಹಿಂದಿನ ಜರ್ಮನ್‌ನಲ್ಲಿ ಇದಕ್ಕೆ ದುರಾಸೆಯ ಅರ್ಥವಿತ್ತು. ಮಧ್ಯಯುಗಕ್ಕೆ ಬರುವಾಗ ಧೀರ, ದಿಟ್ಟ ಎಂದಾಯಿತು. ಆಮೇಲೆ ಆ ದಿಟ್ಟತನವೇ ಉದ್ಧಟತನವೆನಿಸಿತು. ಅಮೆರಿಕದವರು ಎದುರುತ್ತರ ಕೊಡುವವನನ್ನು ‘ಫ್ರೆಶ್’ ಎನ್ನುವುದರ ಹಿಂದೆ ಅಲ್ಲಿಗೆ ವಲಸೆ ಹೋದ ಜರ್ಮನರ ಈ ಪದದ ಪ್ರಭಾವವಿರಬಹುದೆಂದು ನಿಘಂಟುಕಾರರು ಊಹಿಸುತ್ತಾರೆ.

ಮೊಮ್ಮಗನ ಕೆನ್ನೆ ಹಿಂಡಿ ಜರ್ಮನ್ ಅಜ್ಜಿ ‘ಫ್ರೆಖ್‌ಡಾಕ್ಸ್’ ಎನ್ನುತ್ತಾಳೆ. ಡಾಕ್ಸ್ ಎಂದರೆ ಬ್ಯಾಡ್ಜರ್ ಎಂಬ ಪ್ರಾಣಿ. ಇಂಗ್ಲಿಷಿನಲ್ಲಿ ಬ್ಯಾಡ್ಜರನ್ನು ಬಿಟ್ಟು ‘ಚೀಕಿ ಮಂಕಿ’ ಎಂದರೆ ಮುದ್ದು ಉಳಿಯುತ್ತದೆ. ಅದೇ ಅಜ್ಜಿ ಅಂಗಡಿಯಲ್ಲಿ ಮೋಸ ಕಂಡು ‘ಫ್ರೆಖ್‌ಹೈಟ್!’ ಎಂದು ಕೂಗಿದಳೆನ್ನಿ, ಅಲ್ಲಿ ‘ಚೀಕಿ’ ಹಾಕಿದರೆ ಅವಳ ಕೋಪವೆಲ್ಲ ನೀರಾಗಿ ಹೋಗುತ್ತದೆ. ಗಿಡ್ಡ ಕೂದಲಿನ ಚುರುಕು ಕೇಶವಿನ್ಯಾಸಕ್ಕೂ ಅವರು ಫ್ರೆಖ್ ಎನ್ನುತ್ತಾರೆ. ‘ಇಂಪ್ಯುಡೆಂಟ್’ ಕೂದಲು ಎಂದು ಬರೆದವರನ್ನು ಯಾರಾದರೂ ಕ್ಷಮಿಸುವರೇ?

ಕಷ್ಟ ಹೆಚ್ಚುವುದು ಹೆಣ್ಣಿನ ವಿಷಯ ಬಂದಾಗ. 1865ರಲ್ಲಿ ವಿಲ್‌ಹೆಲ್ಮ್ ಬುಷ್ ಬರೆದ ಚಿತ್ರಕಥೆಯ ಮಾಕ್ಸ್ ಮತ್ತು ಮೋರಿಟ್ಸ್ ಊರಿಗೆಲ್ಲ ಕಾಟ ಕೊಟ್ಟು ಕೊನೆಗೆ ಗಿರಣಿಯಲ್ಲಿ ಪುಡಿಯಾಗಿ ಬಾತುಗಳ ಪಾಲಾಗುತ್ತಾರೆ. ಆದರೂ ಜನ ಇಂದಿಗೂ ಅವರನ್ನು ನೆನೆದು ನಗುತ್ತಾರೆ. ಮಾತಿಗೆ ಮಾತು ಕೊಡುವ ಹುಡುಗಿಗೆ ಆ ರಿಯಾಯಿತಿ ಅಷ್ಟು ಸುಲಭವಲ್ಲ. ‘ಸಾಸಿ’ ಎಂದರೆ ಸ್ವಲ್ಪ ಒಯ್ಯಾರ ಬೆರೆಯಿತು, ‘ಬ್ರೇಜನ್’ ಎಂದರೆ ನಾಚಿಕೆಗೆಟ್ಟವಳಾದಳು. ‘ಬೋಲ್ಡ್’ ಎಂದರೆ ಮೆಚ್ಚುಗೆಯೇನೋ ಹೌದು, ಆದರೆ ತುಂಟತನ ಹೋಯಿತು. (ಐರ್ಲೆಂಡಿನಲ್ಲಿ ಮಾತ್ರ ತಂಟೆಕೋರ ಮಕ್ಕಳಿಗೇ ‘ಬೋಲ್ಡ್’ ಎನ್ನುತ್ತಾರೆ!) 1990ರ ದಶಕದಲ್ಲಿ ಜರ್ಮನಿಯಲ್ಲಿ ಹೇರಾ ಲಿಂಡ್ ಮೊದಲಾದವರ ಜನಪ್ರಿಯ ಕಾದಂಬರಿಗಳನ್ನು ‘ಫ್ರೆಖ್ ಹೆಂಗಸರ’ ಕಥೆಗಳೆಂದೇ ಕರೆದರು. ಅಲ್ಲಿ ಬೈಗುಳವೇ ಬಿರುದಾಗಿತ್ತು.

ನನ್ನ ಮಟ್ಟಿಗೆ, ತಂಟೆ ಮಾಡುವ ಹುಡುಗನಿಗೆ ‘ಚೀಕಿ’ ಎಂದವರು ಅದೇ ತಂಟೆಯ ಹುಡುಗಿಗೂ ‘ಚೀಕಿ’ ಎಂದೇ ಬರೆಯಬೇಕು. ಕನ್ನಡಕ್ಕೆ ತಂದರೂ ಇದೇ ಪೇಚು. ತರಲೆ, ತಲೆಹರಟೆ, ಅಧಿಕಪ್ರಸಂಗಿ, ಎಲ್ಲವೂ ಹತ್ತಿರ ಬರುತ್ತವೆ. ಅಜ್ಜಿಯ ಬಾಯಲ್ಲಿ ‘ತರಲೆ’ ಸಾಕು. ಅಧಿಕಪ್ರಸಂಗಿಯನ್ನು ಮೇಷ್ಟರಿಗೆ ಬಿಡೋಣ.